ಎದುರುತೂಕ

ಚಳ್ಳಕೆರೆ ಆಸ್ಪತ್ರೆಯ ರಕ್ತ ಪರೀಕ್ಷೆ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ ನನ್ನದು ಒಂದೇ ಕೆಲಸ:
ತೋಳು ನೀಡಿದವರ ನರ ಹುಡುಕುವುದು,
ಅವರು ಆಚೆ ನೋಡುವಾಗ ಸೂಜಿ ಇಳಿಸುವುದು.

ಕ್ಯಾತಮ್ಮ ಮಾತ್ರ ಆಚೆ ನೋಡಲಿಲ್ಲ.
'ಕುರಿ ರೊಪ್ಪಕ್ಕೆ ಬಂದಂಗೆ ಬತ್ತೈತೆ ಸಾ ಜ್ವರ,
ಹೊತ್ತು ಮುಳುಗೋಕೆ ಸರಿಯಾಗಿ.
ಬೆಳಗಾದ್ರೆ ಮೇಯಾಕೋದಂಗೆ ಓಗ್ತೈತೆ.
ಕೀಲುನೋವು ಮಾತ್ರ ಗೂಟ ಹೊಡ್ಕೊಂಡು ಇಲ್ಲೇ ಕುಂತೈತೆ.'

ಟೈಫಾಯ್ಡ್ ನೋಡಿದೆ. ಇಲ್ಲ.
ಮಲೇರಿಯಾ ನೋಡಿದೆ. ಇಲ್ಲ.
ಮೂರು ಸಲ ಬಂದಳು, ಮೂರು ಚೀಟಿ,
ಮೂರರಲ್ಲೂ ನನ್ನದೇ ಅಕ್ಷರದಲ್ಲಿ 'ಏನೂ ಇಲ್ಲ'.
ಆ ಏನೂ ಇಲ್ಲದ್ದು ಅವಳನ್ನು
ನಾಲ್ಕು ತಿಂಗಳಲ್ಲಿ ಅರ್ಧ ಮಾಡಿತ್ತು.

ನಮ್ಮ ಗೋಡೆಯಾಚೆ ಪಶು ಆಸ್ಪತ್ರೆ.
ಒಂದೇ ಬೇವಿನ ಮರ, ಬುಡ ಅವರದು, ನೆರಳು ನಮ್ಮದು.
ಅವತ್ತು ಅವರ ಯಂತ್ರ ಕೆಟ್ಟಿತ್ತು.
ನುಸ್ರತ್ ಡಾಕ್ಟರು ಗೋಡೆ ಸುತ್ತಿ ಬಂದರು,
ಥರ್ಮಾಸಿನಲ್ಲಿ ಕುರಿಯ ರಕ್ತ:
'ಐದು ನಿಮಿಷ ತಿರುಗಿಸಿ ಕೊಡ್ತೀರಾ?'

ನಿಯಮದಲ್ಲಿ ಜಾಗವಿಲ್ಲ ಎಂದೆ.
ಆದರೆ ನನ್ನ ಯಂತ್ರದೊಳಗೆ ಆಗ
ಒಂಟಿ ನಳಿಗೆ ಕೂತಿತ್ತು, ಕ್ಯಾತಮ್ಮನದು.
ಒಂಟಿ ನಳಿಗೆ ಇಟ್ಟು ತಿರುಗಿಸಿದರೆ
ಯಂತ್ರ ನಡುಗುತ್ತದೆ, ಮೇಜು ಗುಡುಗುತ್ತದೆ;
ಎದುರು ಕುಳಿಯಲ್ಲಿ ಅಷ್ಟೇ ತೂಕದ ಇನ್ನೊಂದು ಬೇಕು.
ದಿನವೂ ನೀರು ತುಂಬಿ ಇಡುತ್ತಿದ್ದೆ.
ಅವತ್ತು ಕುರಿಯದನ್ನು ಇಟ್ಟೆ.

ತಿರುಗಿತು. ಸದ್ದಿಲ್ಲ.
ನಿಂತಾಗ ಎರಡರಲ್ಲೂ ಮೇಲೆ ತಿಳಿ, ಒಣಹುಲ್ಲಿನ ಬಣ್ಣ,
ಕೆಳಗೆ ಕೆಂಪು.
ಚೀಟಿ ಅಂಟಿಸಿರದಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

'ಎಲ್ಲಿಯ ಕುರಿ?' ಸುಮ್ಮನೆ ಮಾತಿಗೆ ಕೇಳಿದೆ.
'ಗೊಲ್ಲರಹಟ್ಟಿದು. ಒಂದೇ ಮಂದೇಲಿ ಒಂಬತ್ತು ಕಂದು ಹಾಕಿವೆ.
ಪಾಪ ಆ ಹೆಣ್ಣುಮಗಳು ಬರಿಗೈಲಿ ಎಳೆದು ತೆಗೆದಳಂತೆ.
ಏನೋ ಹೆಸರು... ಕ್ಯಾತಮ್ಮ.'

ಬಿಳಿ ಹಲಗೆಯ ಮೇಲೆ ಎರಡು ಹನಿ.
ಎರಡಕ್ಕೂ ಅವರ ಡಬ್ಬಿಯ ಗುಲಾಬಿ ದ್ರವ ಒಂದೊಂದು ತೊಟ್ಟು.
ಕಡ್ಡಿಯಲ್ಲಿ ಕಲಸಿ, ಹಲಗೆ ತೂಗಿದೆವು,
ಕೂಸನ್ನು ತೂಗುವ ಹಾಗೆ, ನಾಲ್ಕು ನಿಮಿಷ.
ಮೊದಲು ಕುರಿಯದು ಒಡೆಯಿತು,
ಹುಳಿ ಬಿದ್ದ ಹಾಲಿನಂತೆ, ಕಾಳು ಕಾಳು.
ಆಮೇಲೆ ಕ್ಯಾತಮ್ಮನದು.

ಭಾನುವಾರ ಹಟ್ಟಿಗೆ ಹೋದೆವು. ಕಟ್ಟೆ ತೋರಿಸಿದಳು.
ಕಾವಲಿನ ಹುಲ್ಲಿಗೆ ಗೋಡೆ ಬಂದ ಮೇಲೆ
ಐದು ಹಟ್ಟಿಯ ಮಂದೆಗೆ ಇದೊಂದೇ ನೀರು.
ಕಂದುಗಳನ್ನು ಎಸೆದದ್ದು ಅಲ್ಲೇ, ಜಾಲಿಯ ಮರೆಗೆ;
ನಾಯಿಗಳು ಎಳೆದಾಡಿದ್ದು ಅಲ್ಲೇ;
ಕೊಡ ತುಂಬುವುದೂ.
ಕೆಸರಲ್ಲಿ ಗೊರಸು, ಪಂಜ, ಹಕ್ಕಿಗಾಲು, ಬರಿಗಾಲು,
ಒಂದರ ಮೇಲೊಂದು ಒತ್ತಿಕೊಂಡು
ಯಾರದು ಯಾರದೆಂದು ಬಿಡಿಸಲಾಗದಂತೆ.

'ಕುರಿ ನಂಗೆ ಕೊಡ್ತಾ, ಕುರೀಗೆ ನಾನೇ ಕೊಟ್ನಾ?'
'ಕುರಿಯಿಂದ ಬಂದಿದ್ದಮ್ಮಾ. ಆದ್ರೆ ಅದರ ತಪ್ಪಲ್ಲ.'
'ನಂಗೊತ್ತಿಲ್ವಾ' ಎಂದಳು,
'ಆ ಒಂಬತ್ತಕ್ಕೂ ನಾನೇ ಅತ್ತಿದ್ದು.'

ಗುಂಡಿ ತೋಡಿಸಿದೆವು. ಸುಣ್ಣದ ಚೀಲ ಇಳಿಸಿದೆವು.
ಕೈಗವಸು ಅವಳ ಕೈಗೆ ದೊಡ್ಡದಾಯಿತು, ನಕ್ಕಳು.
ಮಾತ್ರೆ ಆರು ವಾರ, ಒಂದು ಹೊತ್ತೂ ತಪ್ಪದೆ.
ಹಾಲು ಕಾಯಿಸದೆ ಕುಡಿಯಬಾರದೆಂದರೆ
ಕಂಬಳಿ ಹೊದ್ದ ಅಜ್ಜನೊಬ್ಬ ಎದ್ದೇ ಹೋದ.

ನನ್ನ ರಿಜಿಸ್ಟರಿನ ಕಲಮುಗಳು: ಹೆಸರು, ವಯಸ್ಸು, ಗಂಡು, ಹೆಣ್ಣು.
ಅವರದರಲ್ಲಿ: ಒಡೆಯನ ಹೆಸರು, ತಳಿ, ಬಣ್ಣ.
ಕಟ್ಟೆಗೆ ಎರಡರಲ್ಲೂ ಜಾಗವಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: 'ನೀರು ನೋಡಬೇಕು.'
ತಪಾಸಣೆಗೆ ಬಂದವರು ಅಳಿಸಿ ಎಂದರು. ಅಳಿಸಿದೆ.
ಒತ್ತಿ ಬರೆಯುವ ಅಭ್ಯಾಸ ನನಗೆ,
ಹಿಂದಿನ ಹಾಳೆಯಲ್ಲಿ ಬೆರಳಾಡಿಸಿದರೆ ಸಿಗುತ್ತದೆ.