ಖೋಲಿಯೊಳಗೆ ಎರಡು

ಮಕ್ತಂಪುರದ ಖಾನಾವಳಿಯ ಅಡಿಗೆಖೋಲಿ
ಆರು ಮೊಳ ಉದ್ದ, ಆರು ಮೊಳ ಅಗಲ.
ಅದರೊಳಗೆ ಜಗದೇವಿ, ಮಲ್ಕಮ್ಮ,
ಎರಡು ಒಲೆ, ಎರಡು ಹಂಚು,
ಬೆನ್ನಿಗೆ ಬೆನ್ನು.

ನಾನು ಅಲ್ಲೇ ಉಂಡು ವಿಶ್ವವಿದ್ಯಾಲಯದ ಬಸ್ಸು ಹತ್ತುವವನು.
ನನ್ನ ಲೆಕ್ಕದಲ್ಲೂ ಇಬ್ಬರೇ:
ಕಾಣದಷ್ಟು ಸಣ್ಣ ಡಬ್ಬಿಯಲ್ಲಿ ಕೂಡಿಹಾಕಿದ ಎರಡು ಎಲೆಕ್ಟ್ರಾನು.
ಗೋಡೆ ನಾನೇ ಕಟ್ಟುತ್ತೇನೆ, ನಾನೇ ಸರಿಸುತ್ತೇನೆ;
ಅವು ಒಂದನ್ನೊಂದು ಹೇಗೆ ತಪ್ಪಿಸಿಕೊಳ್ಳುತ್ತವೆ
ಅದನ್ನು ದಶಾಂಶದ ಆರನೇ ಮನೆತನಕ ಬರೆಯಬೇಕು.

ಮೊದಲ ವರ್ಷ ಸಲೀಸು ದಾರಿ ಹಿಡಿದೆ.
ಒಂದಕ್ಕೆ ಹೇಳುವುದು: ಇನ್ನೊಂದು ಇಲ್ಲಿ, ಅಲ್ಲಿ ಅಂತೇನಿಲ್ಲ,
ಒಲೆಯ ಹೊಗೆಯಂತೆ ಖೋಲಿ ತುಂಬ ಹರಡಿದೆ,
ಆ ಸರಾಸರಿಯೊಡನೆ ಬಾಳು ಮಾಡು.
ಉತ್ತರ ಬಂತು.
ನಿಜಕ್ಕಿಂತ ತುಸು ಹೆಚ್ಚು.
ಯಾವಾಗಲೂ ತುಸು ಹೆಚ್ಚೇ.

ಬದನೆಕಾಯಿ ಬಡಿಸುತ್ತಿದ್ದ ಮಲ್ಕಮ್ಮನಿಗೆ ಇದನ್ನು ಹೇಳಿದೆ.
"ಹೊಗಿ ಜೋಡಿ ಯಾರು ರೊಟ್ಟಿ ಬಡೀತಾರೋ ತಮ್ಮಾ?
ಆಕಿ ಮೊಣಕೈ ಎಲ್ಲಿ ಅದ ಅಂತ
ನನ್ನ ಬೆನ್ನಿಗಿ ಗೊತ್ತದ."

ಹಿಂದಿನ ಗಲ್ಲಿ ಒಂದೇ ಆಯಾಮದ್ದು.
ಒಬ್ಬರ ಹೆಗಲಷ್ಟು ಅಗಲ, ಮೇಲೊಂದು ಗೆರೆ ಆಕಾಶ.
ನಳದಿಂದ ಕೊಡ ಹೊತ್ತು ಬರುವಾಗ
ಜಗದೇವಿ ಮುಂದೆ ಎಂದರೆ ಕೊನೆತನಕ ಮುಂದೆ.
ಆಕೆ ನಿಂತು ಕೆಮ್ಮಿದರೆ
ಹಿಂದಿನವಳ ಕೊಡ ತುಳುಕುತ್ತದೆ.
ಗೆರೆಯ ಮೇಲೆ ಯಾರಿಗೂ ಒಂಟಿ ನಡಿಗೆಯಿಲ್ಲ.

ಮಾಳಿಗೆಗೆ ಎರಡು ಆಯಾಮ.
ಶಹಾಬಾದಿ ಫರಸಿಯ ಮೇಲೆ ಕಡಕ್ ರೊಟ್ಟಿ ಹರವುವಾಗ
ಸುತ್ತು ಹಾಕಿ ಹೋಗಬಹುದು, ಸೆರಗು ತಾಗದ ಹಾಗೆ.
ಹಾಗೇ ಹೋಗುತ್ತಿದ್ದರು, ಜಗಳವಾಡಿದ ದಿನ.

ಏಪ್ರಿಲಿನಲ್ಲಿ ಮಾಲಕ ಅಣವೀರಪ್ಪ
ಖಾನಾವಳಿಯನ್ನು ಸೇಡಂ ರಸ್ತೆಗೆ ಸಾಗಿಸಿದ.
ಮುಚ್ಚಿಹೋದ ದಾಲ್ ಮಿಲ್ಲಿನ ಗೋದಾಮು,
ಮೇಲೆ ತಗಡು, ಗೋಡೆಯ ಬಿರುಕಿನಲ್ಲಿ ಇನ್ನೂ ತೊಗರಿಯ ಹೊಟ್ಟು.
"ಈಗರ ಆರಾಮ ಕೈಕಾಲು ಚಾಚ್ರಿ," ಅಂದ.

ಅದೇ ವಾರ ನಾನೂ ನನ್ನ ಡಬ್ಬಿ ಹಿಗ್ಗಿಸಿದ್ದೆ,
ಹತ್ತು ಪಟ್ಟು, ಆಮೇಲೆ ನಲವತ್ತು.
ಜಾಗ ಸಿಕ್ಕರೆ ಒಂದನ್ನೊಂದು ಮರೆತಾವು ಅಂದುಕೊಂಡಿದ್ದೆ.
ಇಲ್ಲ.
ಇಕ್ಕಟ್ಟಿನಲ್ಲಿ ಓಡಾಟವೇ ಎಲ್ಲ,
ಬೆನ್ನಿಗಷ್ಟೇ ಗೊತ್ತು, ಉಳಿದದ್ದಕ್ಕೆ ಪುರಸೊತ್ತಿಲ್ಲ.
ಬಯಲಾದಾಗಲೇ ಓಟ ತಗ್ಗಿ,
ಈ ಮೂಲೆಗೊಂದು ಆ ಮೂಲೆಗೊಂದು
ಹರಳುಗಟ್ಟಿದಂತೆ ಕೂತು,
ಕೂತಲ್ಲೇ ಇನ್ನೊಂದರ ಎಣಿಕೆ.

ಗೋದಾಮಿನಲ್ಲಿ ಜಗದೇವಿ ಉತ್ತರದ ಗೋಡೆಗೆ,
ಮಲ್ಕಮ್ಮ ದಕ್ಷಿಣಕ್ಕೆ.
ಯಾರೂ ಹೇಳಿ ನಿಲ್ಲಿಸಿದ್ದಲ್ಲ.
ನಡುವೆ ಒಂದು ಮದುವೆಯ ಪಂಕ್ತಿ ಕೂರುವಷ್ಟು ಖಾಲಿ,
ಬೆಕ್ಕು ಮಾತ್ರ ಅದನ್ನು ಸಲೀಸಾಗಿ ದಾಟುತ್ತಿತ್ತು.
ಆ ಕಡೆ ಬಡಿತ ನಿಂತರೆ
ಈ ಕಡೆಯ ಕೈ ಗಾಳಿಯಲ್ಲೇ ತಡೆಯುತ್ತಿತ್ತು.

ಆಮೇಲೆ ಮಲ್ಕಮ್ಮ ಯಾದಗಿರಿಗೆ ಹೋದಳು,
ಮಗಳ ಬಾಣಂತನಕ್ಕೆ, ಎರಡು ತಿಂಗಳು.
ಡಬ್ಬಿಯಲ್ಲಿ ಒಂದೇ ಉಳಿದರೆ
ಅದರ ಹೆಚ್ಚಿನ ಇರವು ನಟ್ಟನಡುವೆ;
ಬಿ.ಎಸ್ಸಿ. ಹುಡುಗರೂ ಬಿಡಿಸುವ ಲೆಕ್ಕ.
ಜಗದೇವಿ ಉತ್ತರದ ಗೋಡೆ ಬಿಟ್ಟು ಕದಲಲಿಲ್ಲ.
"ನಡುವ ಬಾರವ್ವಾ, ಫ್ಯಾನ್ ಅದ," ಅಂದ ಅಣವೀರಪ್ಪ.
"ಅದು ಆಕಿ ಹಾದಿ," ಅಂದಳು, ತಿರುಗಿ ನೋಡದೆ.

ಎಲೆಕ್ಟ್ರಾನಿಗೆ ನೆನಪಿಲ್ಲ.
ಇದನ್ನು ನಾನು ಪ್ರಬಂಧದಲ್ಲಿ ಎಲ್ಲಿ ಹಾಕಲಿ?

ಗೈಡ್ ಕೇಳಿದರು, ಸರಾಸರಿಗೂ ನಿಜಕ್ಕೂ ಅಂತರ ಎಷ್ಟು ಬಂತಪಾ?
ಆರು ಅಂಕಿ ಬರೆದು ಕೊಟ್ಟೆ, ಮುಂದೆ ಋಣ ಚಿಹ್ನೆ.
ಋಣ ಅನ್ನುವ ಮಾತನ್ನು ಯಾರು ಮೊದಲು
ಗಣಿತಕ್ಕೆ ತಂದರೋ.

ಆ ರಾತ್ರಿ ಉಣ್ಣುತ್ತ ಎಣಿಸಿದೆ:
ಜಗದೇವಿ ನಾಕು ರೊಟ್ಟಿ ಬಡಿಯುವಳು,
ಐದನೆಯ ಹಿಟ್ಟು ಕೈಯಲ್ಲೇ ಹಿಡಿದು ನಿಲ್ಲುವಳು,
ದಕ್ಷಿಣದ ಒಲೆಯಿಂದ
ಒಂದು ಸದ್ದು ಬಂದು ಹೋಗುವಷ್ಟು ಹೊತ್ತು.