ಕೂದಲೆಳೆಯ ಅಂತರ

ಡಬ್ಬಿಯ ಮೇಲೆ ವಿಳಾಸ ಬರೆಯುವುದು ನನ್ನ ಕೆಲಸ.
ಇತ್ತ ಭಾಗ್ಯನಗರ, ಕೊಪ್ಪಳ.
ಅತ್ತ ಗ್ವಾಂಗ್‌ಝೌ.
ನಡುವೆ ಸ್ಕೇಲು ಇಟ್ಟು ಎಳೆದ ಗೆರೆ,
ನಾಲ್ಕು ಬೆರಳು ಉದ್ದ.

ಮಡಿಲ ತುಂಬ ಕೂದಲುಂಡಿ ಹರವಿಕೊಂಡ
ಪಕೀರವ್ವ ಆ ಗೆರೆಯನ್ನೇ ನೋಡುತ್ತಾ
"ತಮ್ಮಾ, ಇದು ಹೋಗೂ ಊರು
ಎಷ್ಟ ದೂರ ಐತಿ?" ಅಂದಳು.
ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನಾನೂ.

ಮೊಬೈಲ್ ಹೇಳಿತು:
ಹೈದರಾಬಾದಿನಿಂದ ಆಕಾಶದ ನೆಟ್ಟನೆ ದಾರಿ
ಮೂರು ಸಾವಿರದ ಆರುನೂರಾ ತೊಂಬತ್ತು ಕಿಲೋಮೀಟರು.
ಎಲ್ಲೂ ಇಳಿಯದೆ ಹಾರಿದರೆ ಐದು ತಾಸಿಗೆ ಹತ್ತು ನಿಮಿಷ ಕಡಿಮೆ.

"ಅಷ್ಟ?"
ಅವಳಿಗೆ ನಂಬಿಕೆ ಬರಲಿಲ್ಲ.
ನಮ್ಮ ಲಾರಿ ಗಂಗಾವತಿ, ಸಿಂಧನೂರು, ರಾಯಚೂರು ದಾಟಿ
ಹೈದರಾಬಾದು ಮುಟ್ಟಲಿಕ್ಕೇ ರಾತ್ರಿ ಪೂರಾ ಬೇಕು,
ಕೃಷ್ಣಾ ಸೇತುವೆಯ ಮೇಲೆ ಸಾಲು ನಿಂತರೆ
ಅಲ್ಲೇ ಬೆಳಗು.
ಗಿಣಿಗೇರಿಯಿಂದ ಟಂಟಂ ಹಿಡಿದು ಬರುವ ಅವಳಿಗೆ
ಅದು ತುಂಬುವ ತನಕ ಕಾಯುವುದೇ ಒಂದು ತಾಸು.

ಇನ್ನು ಈ ಕೂದಲು.
ಇಪ್ಪತ್ತು ಇಂಚು ಬೆಳೆಯಲು ನಲವತ್ತು ತಿಂಗಳು.
ಹಣಿಗೆಗೆ ಸಿಕ್ಕು ಉದುರಲು ಒಂದು ಗಳಿಗೆ.
ಆಮೇಲೆ ಕುಷ್ಟಗಿಯದೋ ಯಲಬುರ್ಗಿಯದೋ
ಬಚ್ಚಲುಮನೆ ಗೋಡೆಯ ಸಂದಿನಲ್ಲಿ
ಉಂಡೆಯಾಗಿ ತುರುಕಿಸಿಕೊಂಡು ಕೂತದ್ದು
ಸ್ಟೀಲ್ ಲೋಟದವನು ಓಣಿಗೆ ಬಂದು ಕೂಗುವ ತನಕ.
ಆಮೇಲೆ ಇಲ್ಲಿ, ಪಕೀರವ್ವನ ಸೂಜಿಯ ತುದಿಯಲ್ಲಿ
ಯಾರ್ಯಾರದೋ ಸಿಕ್ಕಿನಿಂದ ಯಾರದೋ ಎಳೆ
ಬಿಡಿಸಿಕೊಳ್ಳುತ್ತ ಇಡೀ ದಿನ.
ಐದು ತಾಸಿನ ಲೆಕ್ಕದಲ್ಲಿ
ಇದ್ಯಾವುದೂ ಹತ್ತುವುದಿಲ್ಲ.

ಮಧ್ಯಾಹ್ನ ರೊಟ್ಟಿ ತಿಂದವಳು
ಇನ್ನೂರು ಎಳೆ ಎಣಿಸಿ ತಂದಳು.
"ತೂಗು."
ಯಾಕೆಂದು ಕೇಳದೆ
ಎದುರಿನ ಬಂಗಾರದಂಗಡಿ ಗಣಪತ್‌ಸಾರ ತಕ್ಕಡಿಯಲ್ಲಿಟ್ಟೆ:
ಐದು ಗುಂಜಿ.
ಎಳೆಗೆ ಎಳೆ ಜೋಡಿಸಿದರೆ ನೂರು ಮೀಟರು.
ಹಾಗಾದರೆ ಒಂದು ಕಿಲೋಗೆ?
ಬಿಲ್ಲಿನ ಬೆನ್ನ ಮೇಲೆ ಗುಣಿಸಿದೆ, ಭಾಗಿಸಿದೆ,
ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿದೆ.
ಇಪ್ಪತ್ತೆರಡು ಕಿಲೋ
ಹೈದರಾಬಾದಿನಿಂದ ಗ್ವಾಂಗ್‌ಝೌ ಮುಟ್ಟುತ್ತದೆ.
ನಮ್ಮ ಡಬ್ಬಿ ಇಪ್ಪತ್ತೈದರದು.
ಉಳಿದ ಮೂರು ಕಿಲೋ
ಹಿಂದಕ್ಕೆ ಚಾಚಿದರೆ ಭಾಗ್ಯನಗರಕ್ಕೂ ಬಂದು
ಒಂದಿಷ್ಟು ಜಡೆಗೆ ಮಿಗುತ್ತದೆ.

ಹೇಳಿದೆ. ನಗಲಿಲ್ಲ.
ಸೂಜಿ ಸೆರಗಿಗೆ ಚುಚ್ಚಿಕೊಂಡು ಯೋಚಿಸಿದಳು.
"ಹಂಗಾದ್ರ ವಿಮಾನ ಯಾಕ ಬೇಕು?
ಇಲ್ಲಿ ತುದಿ ಹಿಡಕೊಂಡು ಜಗ್ಗಿದ್ರ
ಅಲ್ಲಿ ಯಾಕಿಯರ
'ಹಾ' ಅಂತ ತಿರುಗಿ ನೋಡ್ತಾಳಲ್ಲ."

ಚಹಾ ಬಂತು. ಅವಳು ಎದ್ದಳು.
ಬಿಳಿ ಕೂದಲು ಬೇರೆ ಗಂಟಾಯಿತು, ಅದಕ್ಕೆ ರೇಟು ಕಡಿಮೆ.
ಸಂಜೆ ಲಾರಿಯವನು ಹಾರನ್ ಹಾಕುತ್ತಲೇ ಇದ್ದ.
ಡಬ್ಬಿಗೆ ಟೇಪು ಸುತ್ತಿ ಮುಗಿಸಿದಾಗ ನೋಡಿದೆ,
ಮೂಲೆಯಲ್ಲಿ ಒಂದೇ ಒಂದು ಎಳೆ
ಹೊರಗೆ ಉಳಿದು ಫ್ಯಾನಿನ ಗಾಳಿಗೆ ಆಡುತ್ತಿತ್ತು.

ಕತ್ತರಿ ಕೈಯಲ್ಲೇ ಇತ್ತು.