ಅವನಿಗೆ ಣ ಬರದು

ಮೊಗಣ್ಣಾಚಾರಿಗೆ ಚಿಕ್ಕಂದಿನಿಂದ ಣ ಬರದು.
ಮೇಷ್ಟ್ರ ಬೆತ್ತ ಮುರಿಯಿತಂತೆ, ನಾಲಿಗೆ ಮಡಿಚಲಿಲ್ಲ.
ಹೆಸರು ಕೇಳಿದರೆ ಮೊಗನ್ನ ಅನ್ನುತ್ತಾನೆ.
ಕಬ್ಬಿನ ಅಂದರೂ ಕಬ್ಬಿಣ ಅಂದರೂ
ಅವನ ಬಾಯಲ್ಲಿ ಒಂದೇ.
ಕೆರಗೋಡಿನ ಕುಲುಮೆಯಲ್ಲಿ ನಲವತ್ತು ವರ್ಷ
ಕಬ್ಬು ಕಡಿಯುವ ಮಚ್ಚು ತಟ್ಟಿದವನಿಗೆ
ಆ ವ್ಯತ್ಯಾಸ ಎಂದೂ ಬೇಕಾಗಿರಲಿಲ್ಲ.

ಗುತ್ತಲು ರಸ್ತೆಯ ನಮ್ಮ ಲ್ಯಾಬಿಗೆ
ಬೆಳಗ್ಗೆ ಏಳಕ್ಕೇ, ಖಾಲಿ ಹೊಟ್ಟೆಯಲ್ಲಿ ಬಂದು
ಬೆಂಚಿನ ತುದಿಗೆ ಕೂತಿದ್ದ.
ಪಕ್ಕದಲ್ಲಿ ಸೊಸೆ ದೇವಮಣಿ,
ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಹಾಕುತ್ತ.
ಕಿಡಿ ಸಿಡಿದ ಕಲೆಗಳ ನಡುವೆ
ಅವನ ನರ ಹಗ್ಗದ ಹಾಗೆ ಎದ್ದಿತ್ತು.
ಅವಳದು ಸಿಗಲೇ ಇಲ್ಲ. ಮೂರು ಸಲ ಚುಚ್ಚಿದೆ.
"ಪರವಾಗಿಲ್ಲ ಬುಡಕ್ಕ" ಅಂದಳು,
ನನ್ನ ಕೈ ನಡುಗಿದ್ದು ಕಂಡು.

ಸಂಜೆ ಎರಡು ಚೀಟಿ.
ಅವನದರಲ್ಲಿ ಸಕ್ಕರೆ ಇನ್ನೂರ ಹದಿನೆಂಟು,
ಫೆರಿಟಿನ್ ಎಂಟುನೂರ ನಲವತ್ತು.
ಡಾಕ್ಟರು ಎರಡಕ್ಕೂ ಸೇರಿಸಿ ಒಂದೇ ಸುತ್ತು ಹಾಕಿದರು.
ಲಿವರಿನಲ್ಲಿ ಕಬ್ಬಿಣ ಜಮೆಯಾಗಿದೆ, ಆಚಾರ್ರೇ,
ಇನ್ಸುಲಿನ್ ಅನ್ನೋ ಬೀಗದ ಕೈ ಇದೆ, ತಿರುಗುತ್ತಿಲ್ಲ.
"ತುಕ್ಕು ಅನ್ನಿ ಮತ್ತೆ," ಅಂದ.
ಡಾಕ್ಟರು ಪೆನ್ನು ಕೆಳಗಿಟ್ಟರು.
ಕುಲುಮೆಯಿಂದ ಬಂದದ್ದಲ್ಲ, ಮೈಯೊಳಗಿನ ಲೆಕ್ಕ ತಪ್ಪಿದ್ದು.
ಸಕ್ಕರೆ ಏರಿ ಕಬ್ಬಿಣ ಕೂತಿತೋ
ಕಬ್ಬಿಣ ಕೂತು ಸಕ್ಕರೆ ಏರಿತೋ
ಎಂದು ನಾನು ಕೇಳಿದ್ದಕ್ಕೆ
ಅವರು ಎರಡೂ ಕಡೆ ತಲೆಯಾಡಿಸಿದರು.

ದೇವಮಣಿಗೆ ಹಿಮೋಗ್ಲೋಬಿನ್ ಎಂಟು, ಫೆರಿಟಿನ್ ನಾಲ್ಕು.
ಆದರೂ ಮೂರು ತಿಂಗಳ ಸಕ್ಕರೆ ಗೆರೆ ದಾಟಿತ್ತು.
"ನಂಗೂ ಬಂತಾ?" ಅಂದಳು, ಮಗುವನ್ನು ಬಿಗಿಹಿಡಿದು.
ಇಲ್ಲ ತಾಯಿ, ಇದು ಚೀಟಿಯ ಸುಳ್ಳು.
ಕಬ್ಬಿಣ ಸಾಲದ ನೆತ್ತರಲ್ಲಿ ಹೊಸ ಕಣ ಹುಟ್ಟುವುದು ತಡ,
ಹಳೆಯವು ಜಾಗ ಬಿಡದೆ ಕೂತು
ಸಿಹಿ ಮೆತ್ತಿಕೊಳ್ಳುತ್ತವೆ,
ಮಾರದೆ ಉಳಿದ ಬೆಲ್ಲದಚ್ಚು
ಧೂಳು ಮೆತ್ತಿಕೊಂಡ ಹಾಗೆ.

ಒಂದೇ ಒಲೆ. ಒಂದೇ ಹಿಟ್ಟು, ಒಂದೇ ಬಸ್ಸಾರು.

ತಿಂಗಳಿಗೊಮ್ಮೆ ಅವನಿಂದ ಒಂದು ಚೀಲ ರಕ್ತ ತೆಗೆಯಬೇಕೆಂದಾಯಿತು.
ಮಲಗಿ ಚೀಲ ತುಂಬುವುದನ್ನೇ ನೋಡುತ್ತಿದ್ದ.
"ಎಲ್ಗೋಯ್ತದೆ ಇದು?"
ಎಸೀತಾರೆ ಅಂದೆ.
"ಎಸೀತಾರಾ! ಇವ್ಳ್ಗೆ ಕೊಟ್ರೆ ಆಗಾಕಿಲ್ವಾ?"
ಗುಂಪು ಬೇರೆ, ಕಾಯಿದೆ ಬೇರೆ
ಏನೇನೋ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ.
"ಮುರ್ದ ಮೊಳೆನೂ ಬಿಸಾಕ್ದೋನಲ್ಲ ನಾನು,
ಕಾಯ್ಸಿ ತಿರ್ಗ ತಟ್ಟಿವ್ನಿ."
ಹತ್ತಿ ಒತ್ತಿಕೊಂಡು ಎದ್ದ,
ದುಡ್ಡು ಕೊಟ್ಟ, ಚಿಲ್ಲರೆ ಮರೆತು ಹೋದ.

ಮೂರನೆಯ ಸಲ ಬಂದಾಗ ಮಾತು ಜಾಸ್ತಿ.
ಸೊಸೆಗೊಂದು ಬಾಂಡ್ಲಿ ಮಾಡಿಕೊಟ್ಟಿದ್ದಾನಂತೆ.
ಸೊಪ್ಪು ಅದರಲ್ಲೇ, ಹುಣಿಸೆಹುಳಿ ಹಿಂಡಿ.
"ನಂಗೆ ಮಾತ್ರ ಅಲೂಮಿನಿ ಪಾತ್ರೇಲಿ ಬ್ಯಾರೆ,"
ಸ್ವಂತ ಮನೆಯಲ್ಲೇ ಪಂಕ್ತಿಭೇದವಾದವನ ಹಾಗೆ ನಕ್ಕ.
ಅವಳ ಚೀಟಿ ಒಂಬತ್ತೂವರೆಗೆ ಏರಿದೆ.
ಮಾತ್ರೆಯೋ ಬಾಂಡ್ಲಿಯೋ, ಬರೆಯುವ ಕಾಲಂ ನಮ್ಮಲ್ಲಿಲ್ಲ.
ಅವನ ಸಕ್ಕರೆ ಇನ್ನೂ ಹಠದಲ್ಲಿದೆ, ಒಂದಿಷ್ಟು ಇಳಿದು.

ಪಟ್ಟಿ ಬಿಚ್ಚುತ್ತ, ಬೇಕೆಂದೇ ಕೇಳಿದೆ:
ಯಾತರ ಬಾಂಡ್ಲಿ, ಆಚಾರ್ರೇ?
"ಇನ್ಯಾತರದು, ಕಬ್ಬಿನದು ಕನವ್ವ" ಅಂದ.